ಅಪರಾಧ, ದುರಂತದ ಬೀಟ್‌ನಿಂದ ಆರು ವಾರ ರಜೆ: ಹೊರಡುವ ಮುಂಚೆ, ನಡುವೆ, ಮರಳಿದ ಮೇಲೆ

ಹಗಲುಪಾಳಿ (ಚರ್ಚೆ ತೆರೆದವರು)

ಅಪರಾಧ, ಅಪಘಾತ, ಆತ್ಮಹತ್ಯೆ, ಮಕ್ಕಳ ಮೇಲಿನ ದೌರ್ಜನ್ಯ, ಪ್ರಕೃತಿ ವಿಕೋಪ. ಇಂಥ ಬೀಟ್‌ಗಳಲ್ಲಿ (ವರದಿಗಾರರಿಗೆ ಹಂಚಿಕೊಟ್ಟ ಸುದ್ದಿ ಕ್ಷೇತ್ರಗಳಲ್ಲಿ) ವರ್ಷಗಟ್ಟಲೆ ಓಡಾಡಿ ಬಸವಳಿದ ವರದಿಗಾರರಿಗೆ ಸಂಸ್ಥೆ ಆರು ವಾರ ರಜೆ ಕೊಡಲು ಒಪ್ಪಿದೆ ಎಂದಿಟ್ಟುಕೊಳ್ಳಿ. ಆ ಆರು ವಾರವನ್ನು ಹೇಗೆ ಬಳಸಿದರೆ ನಿಜಕ್ಕೂ ಚೇತರಿಕೆ ಆಗುತ್ತದೆ? "ಎಲ್ಲಾದರೂ ಸುತ್ತಾಡಿ ಬನ್ನಿ, ಸರಿಹೋಗುತ್ತೆ" ಎನ್ನುವವರು ಎಲ್ಲ ಕಡೆ ಸಿಗುತ್ತಾರೆ, ಆ ಮಾತು ಬೇಡ. ಬೇಕಿರುವುದು ಕೆಲಸದ ವಿವರ. ಹೊರಡುವ ಮುಂಚೆ ಏನೇನು ಮುಗಿಸಬೇಕು, ರಜೆಯ ದಿನಗಳು ಹೇಗಿರಬೇಕು, ಮರಳಿದ ಮೂರನೇ ವಾರಕ್ಕೇ ಮತ್ತೆ ಅದೇ ಸ್ಥಿತಿಗೆ ಜಾರದಂತೆ ಏನು ಮಾಡಬೇಕು. ಬಲ್ಲವರು ದಯವಿಟ್ಟು ಬಿಡಿಸಿ ಬರೆಯಿರಿ.

ಆಪ್ತಸಲಹೆ

ಮೊದಲು ಇದು ಯಾವ ಬಗೆಯ ಸುಸ್ತು ಎಂದು ಗೊತ್ತುಮಾಡಿಕೊಳ್ಳಬೇಕು. ಸುದ್ದಿಮನೆಗಳಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು 'ಬರ್ನ್‌ಔಟ್' ಎಂಬ ಒಂದೇ ಪದದಲ್ಲಿ ಸುತ್ತಿಡುತ್ತಾರೆ. ಮೂರಕ್ಕೂ ಬೇಕಾದ ಆರೈಕೆ ಬೇರೆ.

ಬರ್ನ್‌ಔಟ್ ರೋಗವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಐಸಿಡಿ-11 ಪಟ್ಟಿ 2022ರ ಜನವರಿಯಲ್ಲಿ ಜಾರಿಗೆ ಬಂತು. ಅದರಲ್ಲಿ ಇದನ್ನು ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಷ್ಟೇ ಹೇಳಿದೆ. ಹೇಳಿರುವ ಲಕ್ಷಣ ಮೂರು: ಮೈಮನಸ್ಸಿನ ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿದು ತಾತ್ಸಾರ ಹುಟ್ಟುವುದು, ಮಾಡಿದ ಕೆಲಸ ಯಾವುದೂ ಫಲ ಕೊಡುತ್ತಿಲ್ಲ ಅನ್ನಿಸುವುದು. ವರದಿಗಾರರಲ್ಲಿ ಎರಡನೆಯದು ಬೇಗ ಕಾಣುತ್ತದೆ. "ಎಷ್ಟು ಬಾಡಿ?" ಎಂದು ಫೋನಿನಲ್ಲಿ ಕೇಳಿ, ಸಂಖ್ಯೆ ಕಡಿಮೆ ಎಂದು ಗೊತ್ತಾದ ಕೂಡಲೇ ಆಸಕ್ತಿ ಕಳೆದುಕೊಳ್ಳುವುದು ಅದರ ಗುರುತು. ಬರ್ನ್‌ಔಟ್ ಮಾತ್ರ ಆಗಿದ್ದರೆ, ಕೆಲಸದಿಂದ ನಾಲ್ಕೈದು ದಿನ ದೂರ ಇದ್ದಾಗ ಊಟ, ಹರಟೆ, ಹಾಡು ಸ್ವಲ್ಪವಾದರೂ ರುಚಿಸತೊಡಗುತ್ತವೆ.

ಖಿನ್ನತೆಯಲ್ಲಿ ರಜೆಯಲ್ಲೂ ಯಾವುದೂ ರುಚಿಸುವುದಿಲ್ಲ. ಎರಡು ವಾರ ದಿನದ ಬಹುಪಾಲು ಹಾಗೇ ಇದ್ದರೆ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ತುಂಬಿ ನೋಡಿ. ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣಬೇಕು. ಒಂಬತ್ತನೆಯ ಪ್ರಶ್ನೆ ಸಾವಿನ ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಏನೇ ಬಂದರೂ ಒಟ್ಟು ಅಂಕ ನೋಡುತ್ತ ಕೂರಬೇಡಿ, ಅವತ್ತೇ ವೈದ್ಯರನ್ನೋ ಸಹಾಯವಾಣಿಯನ್ನೋ ಸಂಪರ್ಕಿಸಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ.

ಮೂರನೆಯದು ಆಘಾತೋತ್ತರ ಒತ್ತಡ, ಅಂದರೆ ಪಿಟಿಎಸ್‌ಡಿ. ಕಂಡ ದೃಶ್ಯ ಕರೆಯದೆಯೇ ಬಂದು ನಿಲ್ಲುವುದು, ಆ ರಸ್ತೆ, ಆ ವಾಸನೆ, ಆ ಸದ್ದನ್ನು ತಪ್ಪಿಸಿಕೊಂಡು ಓಡಾಡುವುದು, ಬಾಗಿಲು ಬಡಿದರೂ ಬೆಚ್ಚುವುದು. ಒಂದು ತಿಂಗಳು ದಾಟಿಯೂ ಇವು ಉಳಿದಿದ್ದರೆ ಬರೀ ರಜೆ ಸಾಲದು. ಸ್ಥಳಕ್ಕೇ ಹೋಗಿರಬೇಕು ಅಂತಲೂ ಇಲ್ಲ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಾದ 2013ರ ಡಿಎಸ್‌ಎಂ-5ರಲ್ಲಿ ಕೆಲಸದ ಕಾರಣಕ್ಕೆ ಭೀಕರ ವಿವರಗಳನ್ನು ಮತ್ತೆ ಮತ್ತೆ ನೋಡಬೇಕಾದವರನ್ನೂ ಸೇರಿಸಿದ್ದಾರೆ. ಪರದೆಯ ಮೇಲೆ ನೋಡಿದ್ದು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಕೆಲಸಕ್ಕಾಗಿ ನೋಡಿದ್ದು ಬರುತ್ತದೆ. ಕೆನಡಾದ ಮನೋವೈದ್ಯ ಆಂಟನಿ ಫೈನ್‌ಸ್ಟೈನ್ 2002ರಲ್ಲಿ 140 ಯುದ್ಧ ವರದಿಗಾರರ ಅಧ್ಯಯನ ಪ್ರಕಟಿಸಿದರು. ಬದುಕಿನ ಯಾವುದಾದರೂ ಹಂತದಲ್ಲಿ ಪಿಟಿಎಸ್‌ಡಿ ಬಂದವರು ಅದರಲ್ಲಿ ಶೇ. 28.6.

ಇನ್ನೊಂದು ಮಾತು. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆಗಳನ್ನು ರಜೆಯ ಮೊದಲ ವಾರವೇ ಮಾಡಿಸಿ. ರಕ್ತಹೀನತೆಯ ಸುಸ್ತು ಎಷ್ಟು ಧ್ಯಾನ ಮಾಡಿದರೂ ಹೋಗುವುದಿಲ್ಲ.

ಕೋರ್ಟ್‌ಬೀಟ್

ಆಪ್ತಸಲಹೆ ಮೇಡಂ ಹೇಳಿದ್ದು ಸರಿ. ಕೆಲಸದ ಕಡೆಯಿಂದ ಹೇಳುತ್ತೇನೆ. ರಜೆ ಹಾಳಾಗುವುದು ಹೆಚ್ಚಾಗಿ ಎರಡನೇ ದಿನ ಬೆಳಗ್ಗೆ ಬರುವ ಒಂದು ಫೋನಿನಿಂದ: "ಡಿಸ್ಟರ್ಬ್ ಮಾಡ್ತಿದೀನಿ, ಆ ತನಿಖಾಧಿಕಾರಿ ನಂಬರ್ ಒಂದು ಕೊಡಿ." ನಂಬರ್ ಕೊಡಲು ಹತ್ತು ಸೆಕೆಂಡ್ ಸಾಕು. ಆದರೆ ಆ ಕೇಸು ತಲೆಯೊಳಗೆ ಮತ್ತೆ ತೆರೆದುಕೊಂಡು ದಿನವಿಡೀ ಮುಚ್ಚುವುದಿಲ್ಲ. ಇದಕ್ಕೆ ಪರಿಹಾರ ಫೋನ್ ಆಫ್ ಮಾಡುವುದಲ್ಲ. ಯಾರೂ ಫೋನ್ ಮಾಡುವ ಅಗತ್ಯ ಬೀಳದಂತೆ ಹಸ್ತಾಂತರ ಮಾಡುವುದು.

ಹೊರಡುವ ದಿನಕ್ಕೆ ಹತ್ತು ದಿನ ಮುಂಚೆ ಶುರುಮಾಡಿ. ನಡೆಯುತ್ತಿರುವ ಪ್ರತಿ ಸುದ್ದಿಗೂ ಅರ್ಧ ಪುಟ, ಅದಕ್ಕಿಂತ ಹೆಚ್ಚು ಬೇಡ. ಅದರಲ್ಲಿ ಇರಬೇಕಾದದ್ದು: ಈವರೆಗೆ ಏನು ಪ್ರಕಟವಾಗಿದೆ, ಮುಂದಿನ ವಿಚಾರಣೆ ಯಾವ ದಿನ, ಯಾವ ದಾಖಲೆ ಎಲ್ಲಿದೆ, ಯಾರಿಗೆ ಏನು ಮಾತು ಕೊಟ್ಟಿದ್ದೇವೆ, ಯಾವ ಹೆಸರು ಬರೆಯಬಾರದು. ಕೊನೆಯ ಎರಡನ್ನು ಎಲ್ಲರೂ ಮರೆಯುತ್ತಾರೆ. ಒಂದು ಉದಾಹರಣೆ ಬರೆದು ತೋರಿಸುತ್ತೇನೆ:

"ಹಾಸ್ಟೆಲ್ ಪ್ರಕರಣ. ಬಾಲಕಿ ಅಪ್ರಾಪ್ತೆ. ಹೆಸರು, ಊರು, ಶಾಲೆ, ತಂದೆಯ ವೃತ್ತಿ ಯಾವುದೂ ಬರಬಾರದು, ನಾಲ್ಕೂ ಕೂಡಿದರೆ ಗುರುತು ಸಿಗುತ್ತದೆ. ತಾಯಿ ಮಾತಾಡಿದ್ದಾರೆ, ಪ್ರಕಟಿಸಲು ಒಪ್ಪಿಲ್ಲ. ಅವರಿಗೆ ಹೊಸಬರು ನೇರವಾಗಿ ಫೋನ್ ಮಾಡುವುದು ಬೇಡ, ವಕೀಲರ ಮೂಲಕ. ಎದುರು ಕಡೆಯ ಪ್ರತಿಕ್ರಿಯೆ ಕೇಳಿ ಇಮೇಲ್ ಹೋಗಿದೆ, ಉತ್ತರ ಬಂದಿಲ್ಲ. ವೈದ್ಯಕೀಯ ವರದಿ ಓದಲಾಗಿದೆ, ಸುದ್ದಿಗೆ ಬೇಕಾದ ಸಾರಾಂಶ ಕೆಳಗಿದೆ. ಮೂಲ ವರದಿ ಮತ್ತೆ ಓದುವ ಅಗತ್ಯವಿಲ್ಲ."

ಕೊನೆಯ ಸಾಲು ನೋಡಿ. ನಾವು ಹೊತ್ತ ಭಾರವನ್ನು ಮುಂದಿನವರ ತಲೆಗೆ ಹಾಗ್‌ಹಾಗೇ ವರ್ಗಾಯಿಸಬಾರದು. ಚಿತ್ರ, ವಿಡಿಯೋ ಇರುವ ಫೋಲ್ಡರಿನ ಹೆಸರಿನಲ್ಲೇ 'ಭೀಕರ ದೃಶ್ಯ ಇದೆ' ಎಂದು ಬರೆದಿಡಿ.

ಸೋರ್ಸ್‌ಗಳ, ಅಂದರೆ ನಮಗೆ ಮಾಹಿತಿ ಕೊಡುವವರ ವಿಷಯ ಬೇರೆ. ಹೆಸರು ಹೇಳದಂತೆ ಮಾತು ಪಡೆದವರ ವಿವರವನ್ನು ಅವರ ಒಪ್ಪಿಗೆ ಇಲ್ಲದೆ ಹಸ್ತಾಂತರದ ಕಡತಕ್ಕೆ ಹಾಕಬಾರದು. ಒಬ್ಬೊಬ್ಬರನ್ನೂ ಕೇಳಿ: "ನಾನು ಇಂಥ ತಾರೀಖಿನವರೆಗೆ ಇರುವುದಿಲ್ಲ. ನಿಮಗೆ ಒಪ್ಪಿಗೆಯಿದ್ದರೆ ಇಂಥವರು ಮಾತಾಡುತ್ತಾರೆ, ಇಲ್ಲದಿದ್ದರೆ ಅಲ್ಲಿಯವರೆಗೆ ಕಾಯೋಣ." ಬಹುತೇಕರು ಕಾಯುತ್ತಾರೆ.

ರಾತ್ರಿಡೆಸ್ಕ್

ಕೋರ್ಟ್‌ಬೀಟ್ ಅವರ ಪಟ್ಟಿಗೆ ಒಂದು ಸೇರಿಸಿ: ಕಾನೂನು ನೋಟಿಸ್. ಹಳೆಯ ಸುದ್ದಿಗೆ ಮಾನನಷ್ಟದ ನೋಟಿಸ್ ರಜೆಯ ನಡುವೆಯೇ ಬರಬಹುದು. ಟಿಪ್ಪಣಿ ಪುಸ್ತಕ, ಧ್ವನಿಮುದ್ರಿಕೆ, ದಾಖಲೆಗಳ ಪ್ರತಿ ಯಾವ ಕಪಾಟಿನಲ್ಲಿ, ಯಾವ ಡ್ರೈವ್‌ನಲ್ಲಿ ಇವೆ ಎಂದು ಸುದ್ದಿ ಸಂಪಾದಕರಿಗೆ ಲಿಖಿತವಾಗಿ ತಿಳಿಸಿ. ಮಾಹಿತಿ ಕೋರಿ ಹಾಕಿದ ಅರ್ಜಿಗಳ ಗಡುವನ್ನೂ ಬರೆದಿಡಿ. ಮೇಲ್ಮನವಿಯ ಗಡುವು ರಜೆಯಲ್ಲಿ ಕಳೆದುಹೋದರೆ ತಿಂಗಳುಗಳ ಶ್ರಮ ನೀರಲ್ಲಿ ಹೋಮ.

ಹಗಲುಪಾಳಿ

ತುಂಬ ಉಪಕಾರ. ಒಂದು ಅನುಮಾನ. ಸಂಪಾದಕರಿಗೆ ಎಷ್ಟು ಹೇಳಬೇಕು? ಬರ್ನ್‌ಔಟ್ ಅಂದರೆ 'ಗಟ್ಟಿಯಿಲ್ಲ' ಎಂಬ ಹಣೆಪಟ್ಟಿ ಬೀಳುತ್ತದೆ ಎಂಬ ಹೆದರಿಕೆ ಎಲ್ಲರಿಗೂ ಇದೆ.

ಸುದ್ದಿಸಂಪಾದಕಿ

ಡೆಸ್ಕ್ (ಸುದ್ದಿ ತಿದ್ದಿ ಪ್ರಕಟಣೆಗೆ ಕೊಡುವ ವಿಭಾಗ) ನಡೆಸುವವರ ಜಾಗದಿಂದ ಹೇಳುತ್ತೇನೆ. ಸಂಪಾದಕರಿಗೆ ರೋಗದ ಹೆಸರು ಬೇಕಿಲ್ಲ, ಕೆಲಸದ ಮೇಲೆ ಏನಾಗುತ್ತಿದೆ ಎಂಬುದು ಬೇಕು. "ನಂಗೆ ಆಗ್ತಿಲ್ಲ ಸರ್" ಎಂದರೆ ಅವರಿಗೆ ಏನು ಮಾಡಬೇಕೆಂದು ತೋಚದೆ "ಎರಡು ದಿನ ರೆಸ್ಟ್ ತಗೊಳ್ಳಿ" ಅನ್ನುತ್ತಾರೆ. ಅದರ ಬದಲು ಹೀಗೆ ಹೇಳಿ: "ಕಳೆದ ಮೂರು ತಿಂಗಳಲ್ಲಿ ಸಾವಿನ ಸುದ್ದಿ ಇಷ್ಟು, ಸ್ಥಳಕ್ಕೆ ಹೋದದ್ದು ಇಷ್ಟು ಸಲ, ವಾರದ ರಜೆ ತಪ್ಪಿದ್ದು ಇಷ್ಟು ಸಲ. ಕಾಪಿಯಲ್ಲಿ ತಪ್ಪು ಹೆಚ್ಚುತ್ತಿದೆ, ನಿದ್ದೆ ನಾಲ್ಕು ಗಂಟೆಗೆ ಇಳಿದಿದೆ. ಆರು ವಾರ ಬೇಕು, ಇಂಥ ದಿನದಿಂದ. ಹಸ್ತಾಂತರದ ಕಡತ ಸಿದ್ಧವಿದೆ." ಬೈಲೈನ್‌ಗಳ (ನಿಮ್ಮ ಹೆಸರು ಹಾಕಿ ಬಂದ ಸುದ್ದಿಗಳ) ಪಟ್ಟಿ ತೆಗೆದು ಎಣಿಸಿದರೆ ಈ ಲೆಕ್ಕ ಅರ್ಧ ಗಂಟೆಯಲ್ಲಿ ಸಿಗುತ್ತದೆ. ಬೈಲೈನ್ ಇಲ್ಲದೆ ಹೋದ ಸುದ್ದಿಗಳನ್ನೂ ಎಣಿಸಿ, ಭಾರದ ದೊಡ್ಡ ಪಾಲು ಅಲ್ಲೇ ಇರುತ್ತದೆ. ಈ ಪಟ್ಟಿಯನ್ನು ಎದುರಿಗಿಟ್ಟರೆ ಮಾತು 'ಗಟ್ಟಿತನ'ದ ಕಡೆ ಹೋಗುವುದಿಲ್ಲ, ಪಾಳಿ ಹಂಚಿಕೆಯ ಕಡೆ ಹೋಗುತ್ತದೆ.

ವೈದ್ಯಕೀಯ ರಜೆ ಆಗಿದ್ದರೆ ಪ್ರಮಾಣಪತ್ರ ಮಾನವ ಸಂಪನ್ಮೂಲ ವಿಭಾಗಕ್ಕೆ ಮಾತ್ರ ಹೋಗಲಿ, ಡೆಸ್ಕಿನ ಗ್ರೂಪಿಗೆ ಬೇಡ. ಸಹೋದ್ಯೋಗಿಗಳಿಗೆ "ಇಂಥ ದಿನದವರೆಗೆ ರಜೆ" ಎಂದಷ್ಟೇ ಸಾಕು.

ಮೇಲಿನವರಿಗೂ ಒಂದು ಮಾತು. ಇದು ಕರುಣೆಯ ಪ್ರಶ್ನೆ ಅಲ್ಲ, ಹೊಣೆಯ ಪ್ರಶ್ನೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಕೌಂಟಿ ಕೋರ್ಟ್ 2019ರಲ್ಲಿ, ಆಘಾತಕಾರಿ ಸುದ್ದಿಗಳ ವರದಿಗಾರಿಕೆಯಿಂದ ಮನಸ್ಸಿಗಾದ ಹಾನಿಗೆ ಪತ್ರಿಕಾ ಸಂಸ್ಥೆಯೇ ಹೊಣೆ ಎಂದು ಒಬ್ಬ ಪತ್ರಕರ್ತೆಗೆ ಪರಿಹಾರ ಕೊಡಿಸಿತು.

ವಿಡಿಯೋಕೊಠಡಿ

ಸ್ಥಳಕ್ಕೆ ಹೋಗದೆ ಕಚೇರಿಯಲ್ಲೇ ಕುಳಿತು ಬಂದ ವಿಡಿಯೋಗಳನ್ನು ಪರಿಶೀಲಿಸುವವರ ಬಗ್ಗೆಯೂ ಮಾತಾಡೋಣ. ಫೈನ್‌ಸ್ಟೈನ್ ಮತ್ತು ಸಂಗಡಿಗರ 2014ರ ಅಧ್ಯಯನ ಇಂಥವರ ಮೇಲೆಯೇ ನಡೆದದ್ದು. ಅದರ ಮುಖ್ಯ ಅಂಶ: ಒಮ್ಮೆಗೆ ಎಷ್ಟು ಹೊತ್ತು ನೋಡಿದರು ಎನ್ನುವುದಕ್ಕಿಂತ ಎಷ್ಟು ಸಲ ನೋಡಬೇಕಾಗಿ ಬಂತು ಎನ್ನುವುದೇ ಹೆಚ್ಚು ಹಾನಿಗೆ ನಂಟು ಹೊಂದಿತ್ತು. ದಿನಕ್ಕೆ ಐದು ನಿಮಿಷದಂತೆ ಪ್ರತಿದಿನ ನೋಡುವುದನ್ನು ನಾವು 'ಸ್ವಲ್ಪವೇ ತಾನೆ' ಎಂದು ತಳ್ಳಿಹಾಕುತ್ತೇವೆ, ತಪ್ಪಾಗುವುದು ಅಲ್ಲೇ.

ಹಾಗಾಗಿ ರಜೆಯಲ್ಲಿ ಮೊದಲು ಕಡಿಯಬೇಕಾದದ್ದು ಈ 'ಎಷ್ಟು ಸಲ' ಅನ್ನುವುದನ್ನು. ಫೋನಿನಲ್ಲಿ ಮಾಡಬೇಕಾದದ್ದು:

ವಾಟ್ಸಾಪ್‌ನಲ್ಲಿ ಚಿತ್ರ, ವಿಡಿಯೋ ತಾನಾಗಿಯೇ ಇಳಿಯುವುದನ್ನು ನಿಲ್ಲಿಸಿ, ಮೊಬೈಲ್ ಡೇಟಾ, ವೈಫೈ ಎರಡಕ್ಕೂ. ಗ್ಯಾಲರಿಯಲ್ಲಿ ಮಾಧ್ಯಮ ತೋರಿಸುವ ಆಯ್ಕೆಯನ್ನೂ ಬಂದ್ ಮಾಡಿ. ಸಾಮಾಜಿಕ ಜಾಲತಾಣಗಳಲ್ಲಿ ವಿಡಿಯೋ ತಾನಾಗಿ ಓಡುವುದನ್ನು ನಿಲ್ಲಿಸಿ. ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ದಳದ ಗ್ರೂಪುಗಳಿಂದ ಹೊರಬನ್ನಿ. ಮ್ಯೂಟ್ ಮಾಡಿದರೆ ಸಾಲದು. ಸದ್ದು ಬರುವುದಿಲ್ಲ, ಆದರೆ ಸಂಖ್ಯೆ ಏರುತ್ತಲೇ ಇರುತ್ತದೆ, ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಕೊನೆಗೆ, ಗ್ಯಾಲರಿಯಲ್ಲಿ ಈಗಾಗಲೇ ಇರುವ ಘಟನಾಸ್ಥಳದ ಚಿತ್ರಗಳನ್ನು ಕಚೇರಿಯ ಡ್ರೈವ್‌ಗೆ ಸರಿಸಿ ಫೋನಿನಿಂದ ಅಳಿಸಿ. ಕ್ಲೌಡ್ ಪ್ರತಿಯನ್ನೂ ಮರೆಯಬೇಡಿ. 'ಮೂರು ವರ್ಷದ ಹಿಂದೆ ಇದೇ ದಿನ' ಎಂದು ಫೋನ್ ತಾನೇ ಚಿತ್ರ ತೋರಿಸುವ ಸೌಲಭ್ಯ ಇದೆಯಲ್ಲ, ಅದನ್ನು ಬಂದ್ ಮಾಡದಿದ್ದರೆ ಚೆನ್ನಾಗಿ ನಿದ್ದೆ ಮಾಡಿ ಎದ್ದ ಬೆಳಗ್ಗೆ ಶವಾಗಾರದ ಬಾಗಿಲು ಪರದೆಯ ಮೇಲೆ ಬಂದು ನಿಲ್ಲುತ್ತದೆ.

ಕೋರ್ಟ್‌ಬೀಟ್

ಗ್ರೂಪಿನಿಂದ ಹೊರಬರುವ ಮಾತು ಒಪ್ಪುವುದು ಕಷ್ಟ. ಕೆಲವು ಗ್ರೂಪುಗಳಿಗೆ ಮತ್ತೆ ಸೇರಿಸಿಕೊಳ್ಳುವುದೇ ಇಲ್ಲ. ಅಲ್ಲಿ ಜಾಗ ಸಿಗಲು ವರ್ಷ ಹಿಡಿದಿರುತ್ತದೆ.

ವಿಡಿಯೋಕೊಠಡಿ

ನಿಜ, ಆ ನಷ್ಟ ಸಣ್ಣದಲ್ಲ. ಹಾಗಿದ್ದರೆ ಬೀಟಿನ ನಂಬರನ್ನೇ ಬೇರೆ ಹ್ಯಾಂಡ್‌ಸೆಟ್‌ಗೆ ಹಾಕಿ, ಅದನ್ನು ಕಚೇರಿಯಲ್ಲೇ ಬಿಟ್ಟುಬನ್ನಿ. ಹಳೆಯ ಸಾದಾ ಸ್ಮಾರ್ಟ್‌ಫೋನ್ ಸಾಕು. ನಂಬರ್ ಗ್ರೂಪಿನಲ್ಲೇ ಉಳಿಯುತ್ತದೆ, ಕಣ್ಣಿಗೆ ಮಾತ್ರ ಬೀಳುವುದಿಲ್ಲ. ಎರಡು ಎಚ್ಚರ. ಗುಟ್ಟಿನ ಸೋರ್ಸ್‌ಗಳ ಮಾತುಕತೆ ಅದೇ ನಂಬರಿನಲ್ಲಿದ್ದರೆ ಪಿನ್ ಹಾಕಿ, ಆಫ್ ಮಾಡಿ, ಬೀಗದ ಡ್ರಾಯರ್‌ನಲ್ಲಿಡಿ. ರೀಚಾರ್ಜ್ ಅವಧಿ ರಜೆಯ ನಡುವೆ ಮುಗಿಯದಂತೆ ನೋಡಿಕೊಳ್ಳಿ, ಬ್ಯಾಂಕಿಗೆ ಅದೇ ನಂಬರ್ ಕೊಟ್ಟಿದ್ದರೆ ಮೊದಲೇ ಬದಲಿಸಿ.

ಆಪ್ತಸಲಹೆ

ರಜೆಯ ದಿನಗಳ ಬಗ್ಗೆ ಬರೆಯುತ್ತೇನೆ. ಮೊದಲ ವಾರ ಸುಖವಾಗಿರುವುದಿಲ್ಲ, ಇದನ್ನು ಮೊದಲೇ ತಿಳಿದಿರಬೇಕು. ಒತ್ತಡ ಇಳಿದ ಕೂಡಲೇ ನೆಗಡಿ, ತಲೆನೋವು, ಹಗಲೆಲ್ಲ ನಿದ್ದೆ, ಕಾರಣವಿಲ್ಲದ ಅಳು ಬರಬಹುದು. "ರಜೆ ತಗೊಂಡ ಮೇಲೇ ಹೆಚ್ಚಾಯ್ತು, ಕೆಲಸದಲ್ಲಿದ್ದರೇ ವಾಸಿ" ಎಂದು ಐದನೇ ದಿನಕ್ಕೆ ಕಚೇರಿಗೆ ಓಡುವವರಿದ್ದಾರೆ. ಓಡಬೇಡಿ. ಆ ವಾರ ದೊಡ್ಡ ಪ್ರವಾಸವನ್ನೂ ಇಟ್ಟುಕೊಳ್ಳಬೇಡಿ. ಟಿಕೆಟ್, ಗಂಟುಮೂಟೆ, ವೇಳಾಪಟ್ಟಿ ಎಲ್ಲ ಸೇರಿ ಇನ್ನೊಂದು ಅಸೈನ್‌ಮೆಂಟ್ ಆಗಿಬಿಡುತ್ತದೆ.

ನಿದ್ದೆಯನ್ನು ದಾರಿಗೆ ತರುವುದು ಮೊದಲ ಕೆಲಸ. ಏಳುವ ಹೊತ್ತು ಒಂದೇ ಇರಲಿ, ಮಲಗುವ ಹೊತ್ತಿನ ಚಿಂತೆ ಬೇಡ. ರಾತ್ರಿಪಾಳಿ ಮಾಡಿದವರು "ನಿದ್ದೆ ಬಾಕಿ ತೀರಿಸ್ತೀನಿ" ಎಂದು ಮಧ್ಯಾಹ್ನದವರೆಗೆ ಮಲಗಿದರೆ ಮತ್ತೆ ನಸುಕಿನ ಮೂರಕ್ಕೇ ಕಣ್ಣು ಕೂಡುವುದು. ಹಾಸಿಗೆಯಲ್ಲಿ ಸುಮಾರು 20 ನಿಮಿಷ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಯಲ್ಲಿ ಮಂದ ಬೆಳಕಿನಲ್ಲಿ ಕುಳಿತು, ಕಣ್ಣು ತೂಗಿದಾಗ ಮರಳಿ. ಹೊರಳಾಡುತ್ತ ಬಿದ್ದಿದ್ದರೆ ಹಾಸಿಗೆಯೇ ಎಚ್ಚರದ ಜಾಗ ಎಂದು ಮೆದುಳು ಕಲಿಯುತ್ತದೆ. ಎದ್ದ ಒಂದು ಗಂಟೆಯೊಳಗೆ ಹೊರಗಿನ ಬೆಳಕಿನಲ್ಲಿ ಅರ್ಧ ಗಂಟೆ ನಡೆಯಿರಿ. ಕಾಫಿ ಮಧ್ಯಾಹ್ನದ ಊಟಕ್ಕೆ ಕೊನೆ. ಮದ್ಯ ಬೇಗ ನಿದ್ದೆ ತರಿಸುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧವನ್ನು ಚೂರುಚೂರು ಮಾಡುತ್ತದೆ. ಕೆಟ್ಟ ಕನಸಿರುವವರಿಗೆ ಅದು ಇನ್ನೂ ಹಾನಿ.

ಜರ್ಮನಿಯ ಸಬೀನ್ ಸೊನ್ನೆಂಟಾಗ್ ಮತ್ತು ಶಾರ್ಲೆಟ್ ಫ್ರಿಟ್ಸ್ 2007ರಲ್ಲಿ ಚೇತರಿಕೆಗೆ ನೆರವಾಗುವ ನಾಲ್ಕು ಅನುಭವಗಳನ್ನು ಗುರುತಿಸಿದರು: ಮನಸ್ಸು ಕೆಲಸದಿಂದ ಬಿಡಿಸಿಕೊಳ್ಳುವುದು, ವಿರಾಮ, ಹೊಸದೇನನ್ನೋ ಕಲಿತು ಕೈಗೂಡಿಸಿಕೊಳ್ಳುವುದು, ತನ್ನ ಸಮಯ ತನ್ನ ಕೈಯಲ್ಲಿರುವುದು. ಪತ್ರಕರ್ತರು ಮೂರನೆಯದನ್ನು ಕಡೆಗಣಿಸುತ್ತಾರೆ. ಎರಡನೇ ವಾರದಿಂದ ಕೈಗೆ ಕೆಲಸ ಕೊಡುವ, ಮುಗಿಯುವ, ಅಕ್ಷರಕ್ಕೆ ಸಂಬಂಧವಿಲ್ಲದ ಏನನ್ನಾದರೂ ಹಿಡಿಯಿರಿ. ಮರಗೆಲಸ, ಈಜು, ಹೊಲಿಗೆ, ವಾದ್ಯ, ಯಾವುದಾದರೂ ಸರಿ. ಈ ಬೀಟಿನಲ್ಲಿ ಯಾವ ಕೆಲಸಕ್ಕೂ ಕೊನೆಯಿಲ್ಲ. ಒಂದು ಕೇಸು ಮುಗಿಯುವುದರೊಳಗೆ ಮೂರು ಹೊಸದು ಬರುತ್ತವೆ. ಅದಕ್ಕೇ 'ಇದು ಮುಗಿಯಿತು' ಎಂದು ಕೈಯಲ್ಲಿ ಹಿಡಿದು ನೋಡುವಂಥದ್ದು ಬೇಕು.

ರಜೆಯಲ್ಲಿ ಪುಸ್ತಕ ಬರೆಯುತ್ತೇನೆ ಅನ್ನುವವರಿಗೆ: ಆ ಬೀಟಿನ ಕುರಿತ ಪುಸ್ತಕ ಬೇಡ. ಅದು ರಜೆಯಲ್ಲ, ಓವರ್‌ಟೈಮ್.

ಬಿಡಿಬರಹ

ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಆರು ವಾರ ಸುದ್ದಿಯನ್ನೇ ನೋಡಬೇಡಿ ಎಂದು ಸಲಹೆ ಕೊಡುವವರಿದ್ದಾರೆ. ಸುದ್ದಿಯವರಿಗೆ ಅದು ನಡೆಯುವುದಿಲ್ಲ. ಮೂರನೇ ದಿನಕ್ಕೆ ಕದ್ದು ನೋಡುತ್ತಾರೆ, ಆಮೇಲೆ ಅಪರಾಧಿ ಭಾವ ಬೇರೆ.

ಆಪ್ತಸಲಹೆ

ಪೂರ್ತಿ ಉಪವಾಸ ಎಲ್ಲರಿಗೂ ಬೇಕಿಲ್ಲ, ನಿಮ್ಮ ಮಾತು ಒಪ್ಪಿದೆ. ಮೊದಲ ಹತ್ತು ದಿನ ಪೂರ್ತಿ ಬಿಡಿ, ಆಮೇಲೆ ದಿನಕ್ಕೊಮ್ಮೆ, ಬೆಳಗ್ಗೆ, 20 ನಿಮಿಷ, ಮುದ್ರಿತ ಪತ್ರಿಕೆ ಅಥವಾ ರೇಡಿಯೋ. ಎರಡಕ್ಕೂ ಕೊನೆ ಅಂತ ಇದೆ, ಫೋನಿಗೆ ಇಲ್ಲ. ತನ್ನ ಬೀಟಿನ ಪುಟ ಮಾತ್ರ ಕೊನೆಯವರೆಗೂ ಬೇಡ. "ಇದನ್ನು ನಾನಾಗಿದ್ದರೆ ಹೇಗೆ ಬರೆಯುತ್ತಿದ್ದೆ" ಎಂದು ಒಳಗೇ ಇಂಟ್ರೋ (ಸುದ್ದಿಯ ಮೊದಲ ಸಾಲು) ಕಟ್ಟಲು ಶುರುವಾದರೆ ಅವತ್ತಿಗೆ ಪತ್ರಿಕೆ ಮಡಚಿ.

ಚಿಕಿತ್ಸೆ ಬೇಕಿದ್ದವರಿಗೆ ಲೆಕ್ಕ ಹೇಳುತ್ತೇನೆ. ಪಿಟಿಎಸ್‌ಡಿಗೆ ಆಘಾತ ಕೇಂದ್ರಿತ ಸಿಬಿಟಿ (ಯೋಚನೆ, ನಡವಳಿಕೆ ತಿದ್ದುವ ಮಾತುಕತೆಯ ಚಿಕಿತ್ಸೆ) ಸಾಮಾನ್ಯವಾಗಿ 8ರಿಂದ 12 ಭೇಟಿ. ವಾರಕ್ಕೊಂದರಂತೆ ಹೋದರೆ ಆರು ವಾರದಲ್ಲಿ ಮುಗಿಯುವುದಿಲ್ಲ. ಆದ್ದರಿಂದ ರಜೆ ಶುರುವಾಗುವ ಮುಂಚೆಯೇ ಮೊದಲ ಭೇಟಿ ಗೊತ್ತುಮಾಡಿಕೊಳ್ಳಿ, ಉಳಿದ ಭೇಟಿಗಳ ದಿನ ಕೆಲಸಕ್ಕೆ ಮರಳಿದ ಮೇಲೂ ಬಿಡುವಿರುವಂತೆ ಪಾಳಿ ಕೇಳಿಕೊಳ್ಳಿ. ಆಯ್ಕೆ ಮಾಡುವಾಗ ನೇರವಾಗಿ ಕೇಳಿ: "ಆಘಾತ ಚಿಕಿತ್ಸೆಯಲ್ಲಿ ತರಬೇತಿ ಇದೆಯೇ? ಪೊಲೀಸರು, ದಾದಿಯರು, ಪತ್ರಕರ್ತರ ಜೊತೆ ಕೆಲಸ ಮಾಡಿದ್ದೀರಾ?" ವೈದ್ಯರು ಖಿನ್ನತೆಗೆ ಮಾತ್ರೆ ಬರೆದರೆ ಪರಿಣಾಮ ಕಾಣಲು ಕೆಲವು ವಾರ ಬೇಕು. ಮೊದಲ ವಾರಗಳಲ್ಲಿ ಅಡ್ಡಪರಿಣಾಮವೇ ಮುಂದೆ ಕಾಣುತ್ತದೆ, ಅದಕ್ಕೆ ಹೆದರಿ ನಿಲ್ಲಿಸುವವರು ಬಹಳ. ನಿಲ್ಲಿಸುವುದಾದರೂ ವೈದ್ಯರನ್ನು ಕೇಳಿ, ಹಂತಹಂತವಾಗಿ.

ಕಚೇರಿಗಳು ಇನ್ನೊಂದು ತಪ್ಪು ಮಾಡುತ್ತವೆ. ದುರಂತದ ಮರುದಿನ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ "ನೋಡಿದ್ದನ್ನೆಲ್ಲ ಹೇಳಿಬಿಡಿ" ಎನ್ನುವ ಒಂದೇ ಬಾರಿಯ ಸಭೆ. ಆಘಾತ ತಡೆಯಲು ಇದನ್ನು ಬಳಸಬಾರದು ಎಂದೇ ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಹೇಳಿದೆ. ಒಬ್ಬ ಹಿರಿಯರು ಮೂರನೇ ದಿನ, ಹತ್ತನೇ ದಿನ, ಒಂದು ತಿಂಗಳಿಗೆ ಪಕ್ಕದಲ್ಲಿ ಕೂತು "ನಿದ್ದೆ ಹೇಗಿದೆ, ಊಟ ಹೇಗಿದೆ" ಎಂದು ವಿಚಾರಿಸಲಿ. ಸಾಕು.

ಬಿಡಿಬರಹ

ಸಂಬಳವಿಲ್ಲದ ಫ್ರೀಲಾನ್ಸರ್‌ಗಳ ಲೆಕ್ಕ ಬೇರೆ. ಆರು ವಾರದ ರಜೆಗೆ ಆರು ವಾರದ ಖರ್ಚು ಇಟ್ಟುಕೊಂಡರೆ ಸಾಲದು. ಇವತ್ತು ಬರೆದದ್ದಕ್ಕೆ ಹಣ ಬರಲು ಒಂದೆರಡು ತಿಂಗಳು ಹಿಡಿಯುತ್ತದೆ, ಹಾಗಾಗಿ ಹಣ ಖಾಲಿಯಾಗುವುದು ರಜೆಯಲ್ಲಲ್ಲ, ಮರಳಿ ಬರೆಯಲು ಶುರುಮಾಡಿದ ಮೇಲೆ. ಬಾಡಿಗೆ, ಕಂತು, ಶಾಲೆಯ ಶುಲ್ಕ, ಔಷಧಿ ಇವುಗಳ ತಿಂಗಳ ಮೊತ್ತ ತೆಗೆದು ನಾಲ್ಕರಿಂದ ಗುಣಿಸಿ. ಅಷ್ಟಿಲ್ಲದಿದ್ದರೆ ಪೂರ್ತಿ ರಜೆಯ ಬದಲು 'ಬೀಟ್ ರಜೆ' ತೆಗೆದುಕೊಳ್ಳಿ. ಭಾಷಾಂತರ, ಪ್ರೂಫ್ ನೋಡುವುದು, ಕಾಪಿ ತಿದ್ದುವುದು, ಕೃಷಿ ಅಥವಾ ವಿಜ್ಞಾನದ ಲೇಖನ, ಹೀಗೆ ಸಾವುನೋವಿಲ್ಲದ ಕೆಲಸ ದಿನಕ್ಕೆ ಮೂರು ಗಂಟೆ. ಬಾಕಿ ಬಿಲ್‌ಗಳನ್ನೆಲ್ಲ ಹೊರಡುವ ಮುಂಚೆ ಕಳಿಸಿ. ಸಂಪಾದಕರಿಗೆ ಬರೆಯುವಾಗ ಕಾರಣ ಹೇಳಬೇಕಿಲ್ಲ, "ಇಂಥ ತಾರೀಖಿನಿಂದ ಹೊಸ ಕೆಲಸಕ್ಕೆ ಸಿಗುತ್ತೇನೆ" ಎಂಬ ಒಂದು ತಾರೀಖು ಇರಲಿ. ತಾರೀಖಿಲ್ಲದೆ "ಸ್ವಲ್ಪ ದಿನ ಬಿಡುವು" ಎಂದು ಬರೆದವರನ್ನು ಡೆಸ್ಕ್ ಮರೆತುಬಿಡುತ್ತದೆ.

ರಜೆಯ ಮೊದಲ ಮೂರು ವಾರ ರಾಜೀನಾಮೆಯ ನಿರ್ಧಾರವನ್ನೂ ಮಾಡಬೇಡಿ. ದಣಿದ ತಲೆಗೆ ಎಲ್ಲ ಬಾಗಿಲೂ ಒಂದೇ ಥರ ಕಾಣುತ್ತದೆ.

ಸುದ್ದಿಸಂಪಾದಕಿ

ಈಗ ಮರಳುವ ಭಾಗ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ ಇದೇ, ಏಕೆಂದರೆ ಎಷ್ಟು ಒಳ್ಳೆಯ ರಜೆಯೂ ಅದೇ ಕೆಲಸಕ್ಕೆ ಅದೇ ಪ್ರಮಾಣದಲ್ಲಿ ಮರಳಿದರೆ ಬೇಗ ಕರಗುತ್ತದೆ. ರಜೆಯ ಲಾಭ ಎಷ್ಟು ದಿನ ಉಳಿಯುತ್ತದೆ ಎಂದು ಯೆಸ್ಸಿಕಾ ಡಿ ಬ್ಲೂಮ್ ಮತ್ತು ಸಂಗಡಿಗರು ಅಳೆದಾಗ, ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಬಹುಪಾಲು ಕರಗಿದ್ದು ಕಂಡಿತು. ಅವು ಸಾಮಾನ್ಯ ಉದ್ಯೋಗಿಗಳ ಮೇಲಿನ ಅಧ್ಯಯನಗಳು. ಶವಾಗಾರದ ಮುಂದೆ ನಿಲ್ಲುವವರಿಗೆ ಇನ್ನಷ್ಟು ಎಚ್ಚರ ಬೇಕು.

ಮರಳುವ ಕರಾರನ್ನು ರಜೆಗೆ ಹೋಗುವ ಮುಂಚೆಯೇ ಬರೆಸಿಕೊಳ್ಳಿ. ಬಂದ ಮೇಲೆ ಕೇಳಿದರೆ "ಈಗಷ್ಟೇ ಆರು ವಾರ ತಗೊಂಡ್ರಲ್ಲ" ಎನ್ನುತ್ತಾರೆ.

ಮೊದಲ ವಾರ ದಿನಕ್ಕೆ ನಾಲ್ಕು ಗಂಟೆ, ಡೆಸ್ಕಿನಲ್ಲಿ, ಬೈಲೈನ್ ಇಲ್ಲ. ಎರಡನೇ ವಾರ ಆರು ಗಂಟೆ, ಮೊದಲೇ ಯೋಜಿಸಿದ ಲೇಖನ ಒಂದು. ಮೂರು, ನಾಲ್ಕನೇ ವಾರ ಪೂರ್ತಿ ಪಾಳಿ, ಆದರೆ ಬ್ರೇಕಿಂಗ್ ಇಲ್ಲ, ರಾತ್ರಿಪಾಳಿ ಇಲ್ಲ, ಸ್ಥಳಕ್ಕೆ ಓಡುವುದಿಲ್ಲ. ಐದನೇ ವಾರ ಹಳೆಯ ಬೀಟಿನ ಒಂದು ಸುದ್ದಿ, ಜೊತೆಗೊಬ್ಬರು ಇರುವಂತೆ. ಅದಾದ ಮೂರು ದಿನಕ್ಕೆ ಕೂತು ಮಾತಾಡಿ: ನಿದ್ದೆ ಕೆಟ್ಟಿತೇ, ಕನಸು ಮರಳಿತೇ, ಮನೆಯವರ ಮೇಲೆ ಸಿಡುಕು ಹೆಚ್ಚಿತೇ. ಎರಡಕ್ಕೆ ಹೌದು ಎಂದಾದರೆ ಹಿಂದಿನ ಹಂತಕ್ಕೆ ಇಳಿಯುವುದು. ಅದು ಸೋಲಲ್ಲ, ಕರಾರಿನಲ್ಲೇ ಇರಬೇಕಾದ ಸಾಲು.

ಆಮೇಲೆ ಕಾಯಂ ಬದಲಾವಣೆ. ಸಾವಿನ ಸುದ್ದಿ ಸತತ ಎರಡು ದಿನಕ್ಕಿಂತ ಹೆಚ್ಚು ಒಬ್ಬರಿಗೇ ಬೀಳಬಾರದು, ಮೂರನೆಯ ದಿನದ್ದು ಇನ್ನೊಬ್ಬರಿಗೆ. ಮಗುವಿನ ಸಾವಿನಂಥ ಸುದ್ದಿ ಮಾಡಿದ ಮರುದಿನ ಹಗುರ ಪಾಳಿ. 'ಇದನ್ನು ನನಗೆ ಕೊಡಬೇಡಿ' ಎಂದು ಹೇಳಬಹುದಾದ ಒಂದೆರಡು ವಿಷಯ ಪ್ರತಿಯೊಬ್ಬರಿಗೂ, ಕಾರಣ ಕೇಳದೆ. ಪುಟ್ಟ ಮಗು ಇರುವ ವರದಿಗಾರರನ್ನು ಮಕ್ಕಳ ಶವಪರೀಕ್ಷೆಯ ವರದಿಗೆ ಕಳಿಸುವುದು ಧೈರ್ಯ ಪರೀಕ್ಷೆಯಲ್ಲ, ಕೆಟ್ಟ ಸಂಪಾದಕತ್ವ. ಮೂವರೇ ಇರುವ ಸಣ್ಣ ಬ್ಯೂರೋದಲ್ಲಿ ಸರದಿ ಕಷ್ಟ ಎಂಬುದು ಗೊತ್ತು. ಅಲ್ಲಿ ಸುದ್ದಿಯನ್ನೇ ಎರಡು ಭಾಗ ಮಾಡಿ: ಸ್ಥಳಕ್ಕೆ ಹೋದವರು ಬರೆಯುವುದು ಬೇಡ, ಫೋನಿನಲ್ಲಿ ವಿವರ ಕೊಟ್ಟು ಮನೆಗೆ ಹೋಗಲಿ, ಡೆಸ್ಕಿನವರು ಬರೆಯಲಿ.

ವಿಡಿಯೋಕೊಠಡಿ

ಮರಳಿದ ಮೇಲೆ ದೃಶ್ಯ ನೋಡಲೇಬೇಕಾದವರಿಗೆ: ಮೊದಲು ಬರೀ ಥಂಬ್‌ನೇಲ್ (ವಿಡಿಯೋದ ಪುಟ್ಟ ಸ್ಥಿರಚಿತ್ರ) ಸಾಲು ನೋಡಿ, ಭೀಕರ ಭಾಗ ಎಷ್ಟನೇ ಸೆಕೆಂಡಿಗೆ ಎಂದು ತಿಳಿದುಕೊಳ್ಳಿ. ಅನಿರೀಕ್ಷಿತವಾಗಿ ಎದುರಾದದ್ದೇ ಹೆಚ್ಚು ನಾಟುವುದು. ಧ್ವನಿ ಬಂದ್. ಚಿತ್ರಕ್ಕಿಂತ ಚೀರಾಟ ಹೆಚ್ಚು ದಿನ ಉಳಿಯುತ್ತದೆ. ಧ್ವನಿ ಬೇಕೇಬೇಕಿದ್ದರೆ ಚಿತ್ರವನ್ನು ಮುಚ್ಚಿ ಬೇರೆಯಾಗಿ ಕೇಳಿ. ವಿಂಡೋ ಅಂಗೈಯಷ್ಟು ಚಿಕ್ಕದಿರಲಿ, ಬಣ್ಣ ತೆಗೆದು ಕಪ್ಪುಬಿಳುಪು ಮಾಡಿ. ಜಾಗ ಪತ್ತೆಹಚ್ಚುವುದು ಉದ್ದೇಶವಾದರೆ ನೋಡಬೇಕಾದದ್ದು ಬೋರ್ಡು, ಕಟ್ಟಡ, ನೆರಳಿನ ದಿಕ್ಕು. ಶವದ ಭಾಗಕ್ಕೆ ಪರದೆಯ ಮೇಲೆ ಒಂದು ಚೀಟಿ ಅಂಟಿಸಿ. ಎಡಿಟ್ ಮಾಡುವಾಗ ಲೂಪ್ ಹಾಕಬೇಡಿ, ಫ್ರೀಜ್ ಫ್ರೇಮ್ ಮುಖದ ಮೇಲೆ ನಿಲ್ಲದಿರಲಿ. ಒಬ್ಬರು ಒಮ್ಮೆ ನೋಡಿ ವಿವರ ಬರೆದರೆ ಉಳಿದ ನಾಲ್ವರು ನೋಡುವುದು ತಪ್ಪುತ್ತದೆ. ಮಲಗುವ ಕೋಣೆಯಲ್ಲಿ, ಮಲಗುವ ಮುಂಚಿನ ಎರಡು ಗಂಟೆಯಲ್ಲಿ ಈ ಕೆಲಸ ಬೇಡವೇ ಬೇಡ.

ಹಗಲುಪಾಳಿ

ಕೊನೆಯ ಪ್ರಶ್ನೆ. ಸಂತ್ರಸ್ತ ಕುಟುಂಬದವರು ರಜೆಯಲ್ಲಿ ಫೋನ್ ಮಾಡಿದರೆ? ಕಚೇರಿಯ ಫೋನ್ ಕತ್ತರಿಸಬಹುದು. ಮಗನನ್ನು ಕಳೆದುಕೊಂಡ ತಾಯಿಯ ಫೋನ್ ಕತ್ತರಿಸಲು ಯಾರಿಗೂ ಮನಸ್ಸು ಬರುವುದಿಲ್ಲ.

ಕೋರ್ಟ್‌ಬೀಟ್

ಕತ್ತರಿಸಬೇಡಿ. ಹೊರಡುವ ವಾರದಲ್ಲಿ ನೀವೇ ಫೋನ್ ಮಾಡಿ. ಹೀಗೆ: "ಅಮ್ಮಾ, ನಾನು ಬರುವ ತಿಂಗಳ ಹದಿನೈದರವರೆಗೆ ಕೆಲಸದಲ್ಲಿ ಇರುವುದಿಲ್ಲ. ಕೇಸಿನ ವಿಷಯ ಏನೇ ಇದ್ದರೂ ಈ ನಂಬರಿಗೆ ಮಾಡಿ, ಇವರಿಗೆ ಎಲ್ಲ ಗೊತ್ತಿದೆ, ಮತ್ತೆ ಮೊದಲಿಂದ ಹೇಳಬೇಕಾಗಿಲ್ಲ. ಹದಿನೈದರ ನಂತರ ನಾನೇ ನಿಮಗೆ ಫೋನ್ ಮಾಡುತ್ತೇನೆ." ಅವರಿಗೆ ಬೇಕಿರುವುದು 'ಮತ್ತೆ ಮೊದಲಿಂದ ಹೇಳಬೇಕಾಗಿಲ್ಲ' ಎಂಬ ಆ ಭರವಸೆ. ಅದಕ್ಕಾಗಿಯೇ ಅರ್ಧ ಪುಟದ ಟಿಪ್ಪಣಿ ಸರಿಯಾಗಿರಬೇಕು. ಈಡೇರಿಸಲಾಗದ ಮಾತನ್ನು ಮಾತ್ರ ಕೊಡಬೇಡಿ. "ನ್ಯಾಯ ಸಿಗೋವರೆಗೂ ನಾನಿದೀನಿ" ಎಂದ ವರದಿಗಾರರಿಗೆ ರಜೆಯೇ ಇರುವುದಿಲ್ಲ.

ಹದಿನಾರನೇ ತಾರೀಖಿಗೆ ಕ್ಯಾಲೆಂಡರಿನಲ್ಲಿ ಆ ತಾಯಿಯ ಹೆಸರು ಬರೆದಿಡಿ. ಅವತ್ತು ಬೇರೆ ಯಾವ ಕೆಲಸಕ್ಕೂ ಮೊದಲು ಆ ಫೋನ್ ಮಾಡಿ.